ಚಹಾ ಹಾಳೆಯ ಮೈಕು

ಇಯರ್‌ಫೋನನ್ನು ಕಿವಿಗೊತ್ತಿಕೊಂಡು ಚನಮಲ್ಲಪ್ಪ ಉಸಿರು ಬಿಗಿಹಿಡಿದ. ಈ ಮೈಕೂ ಬರೀ 'ಸುಂಯ್' ಅಂದರೆ ರೇಡಿಯೊ ರಿಪೇರಿ ಬಿಟ್ಟು ರಬಕವಿಯ ಮಾವನ ನೂಲಿನ ಅಂಗಡಿಯಲ್ಲಿ ಕೂಡುತ್ತೇನೆಂದು ಹೆಂಡತಿಗೆ ಮಾತು ಕೊಟ್ಟಿದ್ದ. ಮೈಕೆಂದರೆ ಹಿತ್ತಾಳೆ ಬಿಲ್ಲೆಯ ಮುಂದೆ ಕೂದಲೆಳೆಯಷ್ಟು ಸಂದು ಬಿಟ್ಟು ಬಿಗಿದ, ಚಹಾ ಪೊಟ್ಟಣದ ಬೆಳ್ಳಿಹಾಳೆ. ಅದರ ಪಿಸುದನಿ ಉದ್ದ ತಂತಿಯಲ್ಲೇ ಸೋರಿಹೋಗುತ್ತಿತ್ತು. ಆರು ಸಲ ಸೋತ ಮೇಲೆ, ಬ್ಯಾಟರಿಯನ್ನು ತೊಟ್ಟು ತೊಟ್ಟಾಗಿ ಕುಡಿದು ದನಿ ಹಿಗ್ಗಿಸುವ ಪುಟ್ಟ ವಾಲ್ವನ್ನು ಮುಂಬೈಯಿಂದ ತರಿಸಿ, ಹಾಳೆಯ ಪಕ್ಕದಲ್ಲೇ, ಒಂದೇ ಡಬ್ಬಿಯೊಳಗೆ ಕೂಡಿಸಿದ್ದ.

ಡಬ್ಬಿ ಅಡುಗೆಮನೆಯಲ್ಲಿ ಹೆಂಡತಿ ಕಸ್ತೂರೆವ್ವನ ಮುಂದಿತ್ತು. "ಏನರ ಮಾತಾಡ, ಸಣ್ಣ ದನೀಲೆ!" ಎಂದು ಪಡಸಾಲೆಯಿಂದ ಕೂಗಿದ.

"ಡಬ್ಬಿ ಕೂಡ ಏನ್ ಮಾತಾಡ್ಲಿರಿ? ಮಂದಿ ಹುಚ್ಚಿ ಅಂದಾರು!"

ಮದುವೆಯಲ್ಲಿ ಒಡಪಿನ ಪದ್ಯದೊಳಗೆ ಮುಚ್ಚಿ ಗಂಡನ ಹೆಸರನ್ನು ಒಮ್ಮೆ ಹೇಳಿದ್ದೇ ಹೇಳಿದ್ದು. ಹನ್ನೆರಡು ವರ್ಷಗಳಲ್ಲಿ ಅದು ಅವಳ ಬಾಯಿಂದ ಮತ್ತೆ ಬಂದಿರಲಿಲ್ಲ.

ಸುಂಯ್ ಇಲ್ಲ. ಬಳೆಯ ಸದ್ದು. ಆಮೇಲೆ, ಇಷ್ಟು ಮೆಲ್ಲಗೆ ಅಂದರೆ ಯಾರಿಗೂ ಕೇಳದೆಂಬ ಧೈರ್ಯದಲ್ಲಿ, ಕಿವಿಯೊಳಗೇ ಬಂದು ಕೂತಂತೆ: "ಚನಮಲ್ಲ."

ಹೆಸರಿನ ಕೊನೆಗೆ 'ಅಪ್ಪ'ನೂ ಇಲ್ಲ, 'ರೀ'ಯೂ ಇಲ್ಲ.

"ಕೇಳಿಸ್ತೇನ್ರಿ?" ಎಂದು ಕಸ್ತೂರೆವ್ವ ಗಟ್ಟಿಯಾಗಿ ಕೇಳಿದಳು.

ಚನಮಲ್ಲಪ್ಪ ಇಯರ್‌ಫೋನನ್ನು ಇನ್ನಷ್ಟು ಒತ್ತಿ ಹಿಡಿದ.

"ಏನೂ ಕೇಳಿಸ್ಲಿಲ್ಲ. ಇನ್ನೊಮ್ಮೆ ಹೇಳ."