ನೆಲದ ಮೇಲೆ ಉಳಿದವರು

ಜೆಸಿಂತಾ ಬಾಯಿ ಜಾಝ್ ಹಾಡತೊಡಗಿದರೆ ಮಂಗಳೂರಿನ ಆ ಸಪ್ಪರ್ ಕ್ಲಬ್ಬಿನಲ್ಲಿ ಊಟಕ್ಕೆ ಕೂತವರು ಕುರ್ಚಿ ಬಿಟ್ಟು ಮೆಲ್ಲಗೆ ತೇಲುತ್ತಿದ್ದರು. ಮನಸ್ಸಿಟ್ಟು ಹಾಡಿದರೆ ಕೇಳುವವರ ಮೈ ಹಗುರಾಗುವುದು ಎಲ್ಲ ಊರಲ್ಲೂ ಇದ್ದದ್ದೇ. ಅದಕ್ಕೇ ಅಲ್ಲಿ ಸೂಪನ್ನು ಮುಚ್ಚಳದ ಲೋಟದಲ್ಲಿ ಕೊಡುತ್ತಿದ್ದರು, ಫ್ಯಾನು ಹಾಕುತ್ತಿರಲಿಲ್ಲ. ಹಾಡುವವರು ಮಾತ್ರ ತಮ್ಮದೇ ದನಿಗೆ ತೇಲುವುದಿಲ್ಲ. ಬೇರೆಯವರ ಹಾಡು ಕೇಳಲು ಜೆಸಿಂತಾ ಬಾಯಿಗೆ ಒಂದು ಸಂಜೆಯೂ ಬಿಡುವಾಗಿರಲಿಲ್ಲ.

ಆ ಶನಿವಾರ ನಡುಹಾಡಿನಲ್ಲಿ ಅವರ ಗಂಟಲು ಕಟ್ಟಿತು. ತೇಲುತ್ತಿದ್ದವರೆಲ್ಲ ನಿಧಾನವಾಗಿ ಇಳಿದು ಕುರ್ಚಿಗಳಲ್ಲಿ ಕೂತರು. ಇನ್ನು ಹಾಡಬೇಡಿ ಎಂದು ಡಾಕ್ಟರು ಹೇಳಿದ್ದನ್ನು ಅವರು ಯಾರಿಗೂ ತಿಳಿಸಿರಲಿಲ್ಲ.

"ಕ್ಷಮಿಸಿ, ಇನ್ನು ನನ್ನಿಂದ ಆಗುವುದಿಲ್ಲ," ಎಂದು ಪಿಸುಗುಟ್ಟಿ ಮೈಕು ಕೆಳಗಿಟ್ಟರು.

ಪ್ರತಿ ವಾರ ಬರುತ್ತಿದ್ದ ವೃದ್ಧೆ ಸುನಂದಾ ರೈ ಕಿಟಕಿಯ ಪಕ್ಕದ ಮೇಜಿನಿಂದ ಎದ್ದು ಬಂದರು. "ನೀವು ಕೂತ್ಕೊಳ್ಳಿ ಮಾರಾಯ್ರೆ. ಉಳಿದದ್ದು ನನಗೆ ಬಾಯಿಪಾಠ ಉಂಟು."

ಶ್ರುತಿ ತಪ್ಪಿದರೂ ಅವರು ಬಿಡದೆ ಹಾಡಿದರು. ಪಿಯಾನೋ ಜೊತೆಗೂಡಿತು. ಒಂದೊಂದೇ ಮೇಜಿನಿಂದ ಉಳಿದವರೂ ದನಿಗೂಡಿಸಿದರು.

ಜೆಸಿಂತಾ ಬಾಯಿಯ ಪಾದದಿಂದ ಚಪ್ಪಲಿ ಕಳಚಿ ಬಿತ್ತು. ನೋಡಿದರೆ ನೆಲ ಆಗಲೇ ಒಂದು ಗೇಣು ಕೆಳಗಿತ್ತು.

"ಅಯ್ಯೋ, ನನ್ನನ್ನು ಹಿಡ್ಕೊಳ್ಳಿ!" ಎಂದು ಅವರು ಕೈ ಚಾಚಿದರು.

ಸುನಂದಾ ಆ ಕೈಯನ್ನು ಒಮ್ಮೆ ಹಿಡಿದು, ಹಗುರವಾಗಿ ಬಿಟ್ಟರು.

"ಹೆದರಬೇಡಿ, ಹಾಡು ಇನ್ನೂ ತುಂಬಾ ಉಂಟು."