ಕರಿಮಸಣದ ನಾಲ್ಕನೆಯ ಆಲ್ಬಮ್

ಒಮ್ಮೆ ರೆಕಾರ್ಡ್ ಆದ ದನಿ ಮತ್ತೆ ಗಂಟಲಿಗೆ ಮರಳುವುದಿಲ್ಲವಾದ್ದರಿಂದ ಹುಬ್ಬಳ್ಳಿಯ ‘ಕರಿಮಸಣ’ ಎಂಬ, ಅಬ್ಬರದ ಡೆತ್ ಮೆಟಲ್ ಸಂಗೀತದ ತಂಡ ಆಲ್ಬಮ್ ತರಲು ಎಂದೂ ಅವಸರ ಮಾಡಿರಲಿಲ್ಲ. ಗಾಯಕ ಗುರುಶಾಂತ ಮೊದಲ ಆಲ್ಬಮ್‌ಗೆ ಚೀರಾಟ ಕೊಟ್ಟಿದ್ದ, ಎರಡನೆಯದಕ್ಕೆ ನರಳಾಟ, ಮೂರನೆಯದಕ್ಕೆ ಪಿಸುಮಾತು. ಅಂದಿನಿಂದ ಹೆಂಡತಿಗೆ ಗುಟ್ಟಿನಲ್ಲಿ ಏನಾದರೂ ಹೇಳಬೇಕಾದರೆ ಅಂಗೈ ಮೇಲೆ ಬೆರಳಿನಿಂದ ಬರೆಯುತ್ತಿದ್ದ. ಇನ್ನು ಉಳಿದದ್ದು ಹೊಟ್ಟೆಯಾಳದ ಗುರುಗುಟ್ಟುವ ದನಿ. ಮನೆಯಲ್ಲಿ ಅದರ ಹೆಸರು ಗುಮ್ಮ. ಅದನ್ನು ಕೇಳದೆ ಐದು ವರ್ಷದ ಮಗಳು ನೀಲಾ ತುತ್ತು ಮುಟ್ಟುತ್ತಿರಲಿಲ್ಲ.

ಕೊಡುವ ದನಿಯನ್ನು ಮನೆಯವರಿಗೆ ಕೊನೆಯ ಸಲ ಕೇಳಿಸುವುದು ರೂಢಿ. ಅದಕ್ಕೇ ನೀಲಾ ಸ್ಟುಡಿಯೋಗೆ ಬಂದಿದ್ದಳು.

“ಒಂದ ಸಲ ಅಷ್ಟ ಮಾಡ್ತೀನಿ, ಚಂದಂಗ ಕೇಳವಾ,” ಎಂದು ಗುರುಶಾಂತ ಮಂಡಿಯೂರಿ ಗುಮ್ಮನಾದ. ನೀಲಾ ಸೊಂಟಕ್ಕೆ ಕೈಕೊಟ್ಟು, ಅಪ್ಪನದಕ್ಕಿಂತ ದೊಡ್ಡ ಗುಮ್ಮನನ್ನು ಅವನ ಮೇಲೆಯೇ ತಿರುಗಿ ಬಿಟ್ಟಳು.

ಗಾಜಿನಾಚೆಯಿಂದ ರೆಕಾರ್ಡಿಂಗ್ ಮಾಡುವ ದಸ್ತಗೀರ ಹೆಬ್ಬೆರಳು ಎತ್ತಿದ. “ಭಾರಿ ಬಂತಲೇ, ಎರಡೂ ಸಿಕ್ಕುವು.” ಗುರುಶಾಂತ ಬಾಯಿ ತೆರೆದರೆ ಸಾಕು, ದಸ್ತಗೀರನ ಬೆರಳು ತಾನಾಗಿ ರೆಕಾರ್ಡಿಂಗ್ ಗುಂಡಿ ಒತ್ತುತ್ತಿತ್ತು. ಕೆಂಪು ದೀಪ ಇನ್ನೂ ಉರಿಯುತ್ತಿತ್ತು.

ಅಂದು ಊಟಕ್ಕೆ ಕೂತಾಗ ನೀಲಾ ತಾನೇ ಗುಮ್ಮನಾಗಲು ಬಾಯಿ ತೆರೆದಳು. ಬರೀ ಗಾಳಿ ಬಂತು.

“ಅಪ್ಪಾ, ನನ್ ಗುಮ್ಮ ಎಲ್ಲಿ ಹೋತು?”

“ನನ್ ಗುಮ್ಮನ ಜೋಡಿ ಐತವಾ,” ಎಂದು ಗುರುಶಾಂತ ತುತ್ತು ಮುಂದೆ ಹಿಡಿದ.

ನೀಲಾ ಹಟ ಮಾಡದೆ ತಿಂದಳು, ದೊಡ್ಡವರು ತಿನ್ನುವ ಹಾಗೆ.