ಎಂಡಿಯ ಪಾರ್ಟು

ಎರಡು ಹಾರಾಟಗಳ ನಡುವೆ ಹನ್ನೆರಡು ಗಂಟೆ ವಿಶ್ರಾಂತಿ ಬೇಕೆಂದು ಆಡಳಿತವನ್ನು ಕೇಳುವ ಮುನ್ನಾದಿನ ಪೈಲಟ್‌ಗಳು ರಿಹರ್ಸಲ್ ಇಟ್ಟುಕೊಂಡರು. ಎಂಡಿಯ ಪಾರ್ಟು ಮಿಮಿಕ್ರಿ ಮಾಡುವ ಕ್ಯಾಪ್ಟನ್ ಬೆಳ್ಳಿಯಪ್ಪನಿಗೇ ಬಂತು. ಅವನು ಥೇಟ್ ಎಂಡಿಯಂತೆ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, "ಅಲ್ರಪ್ಪಾ, ಹಾರೋದು ವಿಮಾನ. ಕೂತಿರೋ ನಿಮಗ್ಯಾಕೆ ಸುಸ್ತು?" ಎಂದದ್ದೇ ತಡ, ಎಲ್ಲರೂ ಬೆವೆತು ಹನ್ನೆರಡರಿಂದ ಎಂಟು ಗಂಟೆಗೆ ಇಳಿದುಬಿಟ್ಟರು.

"ಲೋ, ನಾನು ಕಣ್ರೋ" ಎಂದು ಕನ್ನಡಕ ತೆಗೆದರೂ ಒಬ್ಬರೂ ಒಂಬತ್ತಕ್ಕೆ ಏರಲಿಲ್ಲ. ನನ್ನ ನಿದ್ದೆಗೆ ನಾನೇ ಕಲ್ಲು ಹಾಕಿಕೊಂಡೆನಲ್ಲ ಎಂದು ಬೆಳ್ಳಿಯಪ್ಪ ಪೆಚ್ಚಾದ.

ಮರುದಿನ ಇವರು ಬಾಯಿ ತೆರೆಯುವ ಮೊದಲೇ ಅಸಲಿ ಎಂಡಿ ಕೈಮುಗಿದರು.

"ಹದಿನಾಲ್ಕು ಗಂಟೆ ತಗೊಳ್ರಪ್ಪಾ, ಅದಕ್ಕಿಂತ ಜಾಸ್ತಿ ಕೇಳ್ಬೇಡಿ. ನಮ್ಮ ಎಚ್‌ಆರ್ ಮೇಡಂ ಬೆಳ್ಳಿಯಪ್ಪನ ಪಾರ್ಟು ಮಾಡಿ, ನಿನ್ನೆ ನಮ್ಮ ರಿಹರ್ಸಲ್‌ನಲ್ಲೇ ಸಹಿ ಹಾಕಿಸ್ಕೊಂಡ್ಬಿಟ್ರು."